ಹೆಪಟೈಟಿಸ್ ಸಿ ಚಿಕಿತ್ಸೆಯಲ್ಲಿ ರಕ್ತಪರೀಕ್ಷೆಯ ಅಂಕಿಗಳು: ಅವುಗಳನ್ನು ಓದುವ ಕ್ರಮ

ಛತ್ರಪತಿ ಸಂಭಾಜಿನಗರದಿಂದ ಪೂರ್ವಕ್ಕೆ ಜಾಲನಾ ಹೆದ್ದಾರಿಯನ್ನು ಹಿಡಿದು ಸಾಗಿದರೆ ಶೇಂದ್ರಾ ಎಂಬ ಊರು ಸಿಗುತ್ತದೆ. ಇಂದು ಆ ಹೆಸರು ಊರಿಗಿಂತ ಹೆಚ್ಚಾಗಿ ಅಲ್ಲಿನ ಕೈಗಾರಿಕಾ ವಸಾಹತಿಗೆ ಸಲ್ಲುತ್ತದೆ. ೨೦೦೧ರಲ್ಲಿ ಸ್ಕೋಡಾ ಮೋಟಾರು ಕಾರ್ಖಾನೆಯು ಇಲ್ಲಿ ಕೆಲಸವನ್ನಾರಂಭಿಸಿತು. ಔಷಧ ತಯಾರಿಸುವ ಘಟಕಗಳೂ ಇಲ್ಲಿವೆ. ದಿಲ್ಲಿ-ಮುಂಬಯಿ ಕೈಗಾರಿಕಾ ಮಾರ್ಗದ ಅಂಗವಾಗಿ ಶೇಂದ್ರಾ-ಬಿಡಕೀನ್ ಯೋಜನೆಯೂ ಇಲ್ಲಿಯೇ ರೂಪುಗೊಂಡಿದೆ. ಈ ಸೀಮೆ ಕನ್ನಡಿಗರಿಗೆ ಅಪರಿಚಿತವಲ್ಲ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವು ಈ ಜಿಲ್ಲೆಯಲ್ಲಿದೆ; 'ಕನ್ನಡ' ಎಂಬ ಹೆಸರನ್ನೇ ಹೊತ್ತ ತಾಲ್ಲೂಕೊಂದು ಇದರೊಳಗೇ ಇದೆ; ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳೂ ಅಂದಿನ ಔರಂಗಾಬಾದೂ ಹೈದರಾಬಾದು ಎಂಬ ಒಂದೇ ಆಡಳಿತದ ಕೆಳಗಿದ್ದವು.

ಕಾರ್ಖಾನೆಗಳಿರುವಲ್ಲಿ ಹಲವು ಸೀಮೆಗಳ ಜನ ಬಂದು ಸೇರುವುದು ಸಹಜ. ಅವರು ಗುತ್ತಿಗೆಯ ಅವಧಿ ಮುಗಿದೊಡನೆ ಬೇರೊಂದು ಊರಿಗೆ ಹೋಗುತ್ತಾರೆ. ಇಲ್ಲವೆ ಬಿತ್ತನೆಯ ಕಾಲಕ್ಕೆ ತಮ್ಮ ಹಳ್ಳಿಗೆ ಹಿಂದಿರುಗುತ್ತಾರೆ. ಇಂಥ ಬದುಕಿಗೆ ಎಲ್ಲ ರೋಗಗಳೂ ಒಂದೇ ಬಗೆಯ ತೊಂದರೆಯನ್ನು ಕೊಡುವುದಿಲ್ಲ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗದ ತೊಂದರೆ ವಿಶೇಷವಾದದ್ದು. ಅದರ ಔಷಧಿ ಹನ್ನೆರಡು ವಾರಗಳಲ್ಲಿ ಮುಗಿಯುತ್ತದೆ. ಆದರೆ ರೋಗ ಹೋಯಿತೋ ಇಲ್ಲವೋ ಎಂಬ ತೀರ್ಪು ದೊರೆಯುವುದು ಅದಾದ ಮೇಲೆ ಇನ್ನೂ ಹನ್ನೆರಡು ವಾರಗಳು ಕಳೆದ ಬಳಿಕ. ಮೊದಲ ಹನ್ನೆರಡು ವಾರಗಳನ್ನು ಶೇಂದ್ರಾದಲ್ಲಿ ಕಳೆದವನು ಎರಡನೆಯ ಹನ್ನೆರಡು ವಾರಗಳ ಕೊನೆಗೆ ಎಲ್ಲಿರುವನೆಂಬುದು ಯಾರಿಗೂ ತಿಳಿಯದು. ಅವನ ಕೈಯಲ್ಲಿರುವುದು ಇಂಗ್ಲಿಷಿನಲ್ಲಿ ಅಚ್ಚಾದ ಕೆಲವು ವರದಿಗಳು ಮಾತ್ರ. ಅವುಗಳಲ್ಲಿನ ಅಂಕಿಗಳು ಯಾವ ಪ್ರಶ್ನೆಗೆ ಉತ್ತರ ಹೇಳುತ್ತವೆ, ಯಾವುದಕ್ಕೆ ಹೇಳುವುದಿಲ್ಲ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ವೈದ್ಯರ ಸಲಹೆಯ ಸ್ಥಾನವನ್ನು ಇದು ತುಂಬಲಾರದು. ಆ ಸಲಹೆಯನ್ನು ಅರ್ಥಮಾಡಿಕೊಳ್ಳಲು ನೆರವಾದರೆ ಸಾಕು.

೧. ರೋಗದ ಸಂಕ್ಷಿಪ್ತ ಪರಿಚಯ

ಕಾಮಾಲೆ ಎಂದು ನಮ್ಮ ಜನ ಕರೆಯುವುದು ಒಂದು ರೋಗವನ್ನಲ್ಲ, ಒಂದು ಲಕ್ಷಣವನ್ನು. ಅದನ್ನುಂಟುಮಾಡುವ ವೈರಸ್ಸುಗಳಲ್ಲಿ 'ಎ' ಮತ್ತು 'ಬಿ' ಎಂಬವು ಮೊದಲು ಗುರುತಿಗೆ ಬಂದವು. ಎರಡೂ ಅಲ್ಲದ ಮತ್ತೊಂದು ಬಗೆಯ ಯಕೃತ್ತಿನ ಉರಿಯೂತವು ರಕ್ತ ಪಡೆದವರಲ್ಲಿ ಕಾಣಿಸಿಕೊಳ್ಳುತ್ತಿದೆಯೆಂದು ೧೯೭೦ರ ದಶಕದಲ್ಲಿ ಹಾರ್ವೆ ಆಲ್ಟರ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ೧೯೮೯ರಲ್ಲಿ ಮೈಕೆಲ್ ಹೌಟನ್ ಮತ್ತು ಅವರ ಸಂಗಡಿಗರು ಅದರ ವೈರಸ್ಸನ್ನು ಕಂಡುಹಿಡಿದು ಅದಕ್ಕೆ 'ಸಿ' ಎಂಬ ಹೆಸರು ಬಂದಿತು. ಆಲ್ಟರ್, ಹೌಟನ್, ಚಾರ್ಲ್ಸ್ ರೈಸ್ ಈ ಮೂವರಿಗೆ ೨೦೨೦ರ ನೊಬೆಲ್ ಪಾರಿತೋಷಕ ಸಂದಿತು.

ಈ ವೈರಸ್ಸು ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಶುದ್ಧಿಗೊಳಿಸದ ಸೂಜಿ, ಹಲವರು ಬಳಸಿದ ಕ್ಷೌರದ ಬ್ಲೇಡು, ಹಚ್ಚೆಯ ಉಪಕರಣ, ಪರೀಕ್ಷಿಸದ ರಕ್ತ ಇವು ಅದರ ದಾರಿಗಳು. ನಮ್ಮ ದೇಶದ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಕಡ್ಡಾಯವಾದದ್ದು ೨೦೦೧ರಲ್ಲಿ. ಅದಕ್ಕೆ ಮೊದಲು ರಕ್ತ ಪಡೆದವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಒಂದೇ ಕೋಣೆಯಲ್ಲಿ ವಾಸಿಸುವುದರಿಂದಾಗಲಿ, ಒಂದೇ ಖಾನಾವಳಿಯಲ್ಲಿ ಉಣ್ಣುವುದರಿಂದಾಗಲಿ, ಕೈಕುಲುಕುವುದರಿಂದಾಗಲಿ ಇದು ಹರಡುವುದಿಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವುದು ಅಜ್ಞಾನ. ಅವನ ಬ್ಲೇಡನ್ನು ಬೇರೆಯಿಡುವುದು ವಿವೇಕ.

ವೈರಸ್ಸು ಹೊಕ್ಕವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರ ಶರೀರವು ಆರು ತಿಂಗಳೊಳಗೆ ತಾನಾಗಿಯೇ ಅದನ್ನು ಹೊರಹಾಕುತ್ತದೆ. ಉಳಿದವರಲ್ಲಿ ಅದು ವರ್ಷಗಟ್ಟಲೆ ನೆಲೆಸುತ್ತದೆ. ನೋವಿಲ್ಲ, ಜ್ವರವಿಲ್ಲ, ಎಷ್ಟೋ ಮಂದಿಗೆ ಕಾರ್ಖಾನೆಯ ರಕ್ತದಾನ ಶಿಬಿರದಲ್ಲಿಯೋ, ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆಯಲ್ಲಿಯೋ ಇದು ಅಕಸ್ಮಾತ್ತಾಗಿ ತಿಳಿಯುತ್ತದೆ. ಆದರೆ ಒಳಗೆ ಯಕೃತ್ತು ನಾರುಗಟ್ಟುತ್ತ ಹೋಗಿ, ಇಪ್ಪತ್ತು ವರ್ಷಗಳೊಳಗೆ ನೂರಕ್ಕೆ ಹದಿನೈದರಿಂದ ಮೂವತ್ತು ಮಂದಿಯಲ್ಲಿ ಸಿರೋಸಿಸ್ ಎಂಬ ಗಡುಸು ಸ್ಥಿತಿಯನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಯಕೃತ್ತಿನ ಅರ್ಬುದದ ಭಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಭಾರತದಲ್ಲಿ ಸುಮಾರು ೫೫ ಲಕ್ಷ ಮಂದಿ ಈ ವೈರಸ್ಸನ್ನು ಹೊತ್ತವರಿದ್ದರು.

೨. ಮೂರು ಬಗೆಯ ಪ್ರಶ್ನೆಗಳು

ವರದಿಯಲ್ಲಿ ಹತ್ತಾರು ಅಂಕಿಗಳಿದ್ದರೂ ಅವೆಲ್ಲ ಮೂರು ಪ್ರಶ್ನೆಗಳಿಗೆ ಸಂಬಂಧಿಸಿದವು. ವೈರಸ್ಸು ಎಂದಾದರೂ ಶರೀರವನ್ನು ಹೊಕ್ಕಿತ್ತೇ? ಇದು ಮೊದಲನೆಯದು, ಇದಕ್ಕೆ ಉತ್ತರ ಪ್ರತಿಕಾಯ ಪರೀಕ್ಷೆ. ಈಗಲೂ ಇದೆಯೇ? ಇದು ಎರಡನೆಯದು; ಇದಕ್ಕೆ ಉತ್ತರ ಆರ್.ಎನ್.ಎ. ಪರೀಕ್ಷೆ. ಅದರಿಂದ ಯಕೃತ್ತಿಗೆ ಆದ ಕೇಡು ಎಷ್ಟು? ಇದು ಮೂರನೆಯದು, ಇದಕ್ಕೆ ಉತ್ತರ ಕಿಣ್ವಗಳು, ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳ ಎಣಿಕೆ, ಆಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಕಾಲ ಮುಂತಾದವು.

ಗೊಂದಲಗಳೆಲ್ಲ ಹುಟ್ಟುವುದು ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಹಚ್ಚುವುದರಿಂದ. ಪ್ರತಿಕಾಯವೆಂಬುದು ವೈರಸ್ಸನ್ನು ಕಂಡ ಶರೀರವು ಅದರ ಎದುರಿಗೆ ನಿಲ್ಲಿಸಿದ ಕಾವಲು. ಕಳ್ಳನು ಓಡಿಹೋದ ಮೇಲೂ ಕಾವಲುಗಾರನು ಬಾಗಿಲಲ್ಲಿ ನಿಂತೇ ಇರುತ್ತಾನೆ. ಆದುದರಿಂದ ಸಂಪೂರ್ಣ ಗುಣವಾದವರಲ್ಲಿಯೂ ಪ್ರತಿಕಾಯ ಪರೀಕ್ಷೆಯು ವರ್ಷಾನುಗಟ್ಟಲೆ, ಹಲವರಲ್ಲಿ ಜೀವಮಾನವಿಡೀ, 'ಇದೆ' ಎಂದೇ ತೋರಿಸುತ್ತದೆ. ಚಿಕಿತ್ಸೆ ಮುಗಿದ ಮೇಲೆ ಇದನ್ನು ಮತ್ತೆ ಮಾಡಿಸಿ, 'ರೋಗ ಹೋಗಲೇ ಇಲ್ಲ' ಎಂದು ಎದೆಗೆಡುವುದು ವ್ಯರ್ಥ. ಇಂಥ ಒಂದು ವರದಿಯನ್ನು ಹಿಡಿದು ಗುಣಹೊಂದಿದವನನ್ನು ಉದ್ಯೋಗಕ್ಕೆ ಅನರ್ಹನೆನ್ನುವುದು ತಪ್ಪು ಮಾತ್ರವಲ್ಲ, ಅನ್ಯಾಯ.

೩. ಯಕೃತ್ತಿನ ಕಿಣ್ವಗಳು

ರೋಗಿಯ ಕಣ್ಣು ಮೊದಲು ಬೀಳುವುದು ಎ.ಎಲ್.ಟಿ., ಎ.ಎಸ್.ಟಿ. ಎಂಬ ಎರಡು ಸಾಲುಗಳ ಮೇಲೆ. ಇವು ಯಕೃತ್ತಿನ ಕಣಗಳೊಳಗೆ ಕೆಲಸಮಾಡುವ ಕಿಣ್ವಗಳು. ಕಣಗಳು ಘಾಸಿಗೊಂಡಾಗ ಇವು ಸೋರಿ ರಕ್ತಕ್ಕೆ ಬರುತ್ತವೆ. ೧೯೫೫ರಲ್ಲಿ ಆರ್ಥರ್ ಕಾರ್ಮೆನ್ ಮೊದಲಾದವರು ಇವನ್ನು ರಕ್ತದ ರಸಿಕೆಯಲ್ಲಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅದೇ ವರ್ಷ ಇಟಲಿಯ ಡಿ ರಿಟಿಸ್ ಮತ್ತು ಸಂಗಡಿಗರು ವೈರಸ್ ಕಾಮಾಲೆಯಲ್ಲಿ ಇವು ಏರುವುದನ್ನು ತೋರಿಸಿದರು. ಎ.ಎಲ್.ಟಿ. ಬಹುಮಟ್ಟಿಗೆ ಯಕೃತ್ತಿನದೇ, ಎ.ಎಸ್.ಟಿ. ಹೃದಯ ಮತ್ತು ಮಾಂಸಖಂಡಗಳಲ್ಲಿಯೂ ಇದೆ. ಭಾರ ಹೊತ್ತು ಮೈಮುರಿದು ದುಡಿದ ಮರುದಿನ ರಕ್ತ ಕೊಟ್ಟರೆ ಎ.ಎಸ್.ಟಿ. ತುಸು ಏರಿರಬಹುದೆಂಬುದನ್ನು ಕಾರ್ಖಾನೆಯ ಕೆಲಸಗಾರರ ವಿಷಯದಲ್ಲಿ ನೆನಪಿಡತಕ್ಕದ್ದು.

ಈ ಅಂಕಿಗಳ ಬಗ್ಗೆ ಎರಡು ಮಾತುಗಳನ್ನು ಹೇಳಬೇಕು. ಮೊದಲನೆಯದು, ಕಿಣ್ವಗಳು ಸಹಜ ಮಿತಿಯೊಳಗಿದ್ದ ಮಾತ್ರಕ್ಕೆ ವೈರಸ್ಸು ಇಲ್ಲವೆಂದು ತಿಳಿಯುವಂತಿಲ್ಲ. ವೈರಸ್ಸು ನೆಲೆಸಿರುವ ಅನೇಕರಲ್ಲಿ ಎ.ಎಲ್.ಟಿ. ಸಹಜವಾಗಿಯೇ ಇರುತ್ತದೆ. ಎರಡನೆಯದು, ಔಷಧಿ ಆರಂಭವಾದ ಕೆಲವೇ ವಾರಗಳಲ್ಲಿ ಕಿಣ್ವಗಳು ಸಾಮಾನ್ಯವಾಗಿ ಇಳಿಯುತ್ತವೆ. ಈ ಇಳಿಕೆ ಶುಭಸೂಚನೆಯೇ ಹೊರತು ಗುಣವಾದುದರ ಪ್ರಮಾಣವಲ್ಲ. ನಾಲ್ಕನೆಯ ವಾರದ ಸಹಜ ಎ.ಎಲ್.ಟಿ.ಯನ್ನು ಕಂಡು ಗುಳಿಗೆಗಳನ್ನು ನಿಲ್ಲಿಸುವವನು ಬೆಂಕಿಯ ಮೇಲಣ ಹೊಗೆ ಅಡಗಿತೆಂದು ಕೆಂಡಕ್ಕೆ ನೀರು ಹಾಕದೆ ಹೋದವನಂತೆ.

ಸಹಜ ಮಿತಿಯು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ವ್ಯತ್ಯಾಸವಾಗುತ್ತದೆ. ಆದಕಾರಣ ಅಂಕಿಯ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನೂ ಬರೆದಿಟ್ಟುಕೊಳ್ಳಬೇಕು. ಸಾಧ್ಯವಾದರೆ ಎಲ್ಲ ಪರೀಕ್ಷೆಗಳನ್ನೂ ಒಂದೇ ಕಡೆ ಮಾಡಿಸಬೇಕು.

೪. ಚಿಕಿತ್ಸೆಗೆ ಮುಂಚಿನ ಲೆಕ್ಕ

ಯಾವ ಔಷಧಿ ಎಂಬುದನ್ನು ನಿರ್ಧರಿಸುವ ಮುನ್ನ ಸಿರೋಸಿಸ್ ಇದೆಯೇ ಎಂದು ತಿಳಿಯಬೇಕು. ಹಿಂದೆ ಇದಕ್ಕೆ ಯಕೃತ್ತಿನ ತುಣುಕನ್ನು ಸೂಜಿಯಿಂದ ತೆಗೆದು ನೋಡುತ್ತಿದ್ದರು. ಈಗ ಸಾಧಾರಣ ರಕ್ತಪರೀಕ್ಷೆಯ ಅಂಕಿಗಳಿಂದಲೇ ಅಂದಾಜು ಮಾಡುವ ಎರಡು ಸೂತ್ರಗಳು ಬಳಕೆಯಲ್ಲಿವೆ: ೨೦೦೩ರಲ್ಲಿ ಪ್ರಕಟವಾದ 'ಏಪ್ರಿ' ಮತ್ತು ೨೦೦೬ರಲ್ಲಿ ಬಂದ 'ಫಿಬ್-೪'.

ಏಪ್ರಿಯನ್ನು ಕಂಡುಹಿಡಿಯಲು ಎ.ಎಸ್.ಟಿ.ಯನ್ನು ಅದರ ಸಹಜ ಗರಿಷ್ಠ ಮಿತಿಯಿಂದ ಭಾಗಿಸಿ, ಬಂದುದನ್ನು ಸಾವಿರಗಳಲ್ಲಿ ಹೇಳಿದ ಪ್ಲೇಟ್‌ಲೆಟ್ ಎಣಿಕೆಯಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಫಿಬ್-೪ಕ್ಕೆ ವಯಸ್ಸನ್ನು ಎ.ಎಸ್.ಟಿ.ಯಿಂದ ಗುಣಿಸಿ, ಪ್ಲೇಟ್‌ಲೆಟ್ ಎಣಿಕೆ ಮತ್ತು ಎ.ಎಲ್.ಟಿ.ಯ ವರ್ಗಮೂಲ ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ಏಪ್ರಿ ೨ನ್ನು ಮೀರಿದರೆ ಸಿರೋಸಿಸ್ಸಿನ, ಫಿಬ್-೪ ಎಂಬುದು ೩.೨೫ನ್ನು ಮೀರಿದರೆ ಮುಂದುವರಿದ ನಾರುಗಟ್ಟುವಿಕೆಯ ಶಂಕೆ ಬಲವಾಗುತ್ತದೆ.

ಕಲ್ಪಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ವಯಸ್ಸು ೪೨, ಎ.ಎಸ್.ಟಿ. ೮೮, ಅದರ ಮಿತಿ ೪೦; ಎ.ಎಲ್.ಟಿ. ೧೦೦, ಪ್ಲೇಟ್‌ಲೆಟ್ ೧,೬೦,೦೦೦. ೮೮ನ್ನು ೪೦ರಿಂದ ಭಾಗಿಸಿದರೆ ೨.೨, ಅದನ್ನು ೧೬೦ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಏಪ್ರಿ ಸುಮಾರು ೧.೩೮. ಇನ್ನು ೪೨ ಗುಣಿಸು ೮೮ ಎಂದರೆ ೩,೬೯೬. ೧೦೦ರ ವರ್ಗಮೂಲ ೧೦, ಅದನ್ನು ೧೬೦ರಿಂದ ಗುಣಿಸಿದರೆ ೧,೬೦೦. ಆದುದರಿಂದ ಫಿಬ್-೪ ಸುಮಾರು ೨.೩೧. ಎರಡೂ ಗಡಿಯೊಳಗಿವೆ. ಈಗ ಉಳಿದುದೆಲ್ಲವೂ ಹಾಗೆಯೇ ಇದ್ದು ಪ್ಲೇಟ್‌ಲೆಟ್ ಮಾತ್ರ ೯೦,೦೦೦ ಎಂದಿಟ್ಟುಕೊಳ್ಳಿ. ಏಪ್ರಿ ೨.೪೪ಕ್ಕೂ ಫಿಬ್-೪ ಸುಮಾರು ೪.೧ಕ್ಕೂ ಏರುತ್ತವೆ. ಕಿಣ್ವಗಳು ಒಂದೇ, ಆದರೆ ತೀರ್ಮಾನ ಬೇರೆ. ಯಕೃತ್ತು ಗಡುಸಾದಾಗ ಅದರ ಮೂಲಕ ಹಾಯುವ ರಕ್ತಕ್ಕೆ ತಡೆಯುಂಟಾಗಿ ಗುಲ್ಮವು ಹಿಗ್ಗುತ್ತದೆ. ಹಿಗ್ಗಿದ ಗುಲ್ಮದಲ್ಲಿ ಪ್ಲೇಟ್‌ಲೆಟ್ಟುಗಳು ಸಿಕ್ಕಿಬೀಳುತ್ತವೆ. ರೋಗಿಯ ಗಮನಕ್ಕೆ ಬಾರದೆ ಹೋಗುವ ಈ ಸಾಲೇ ಹಲವು ವೇಳೆ ಹೆಚ್ಚು ಮಾತಾಡುತ್ತದೆ.

ಈ ಹಂತದಲ್ಲಿ ಮಾಡಲೇಬೇಕಾದ ಮತ್ತೊಂದು ಪರೀಕ್ಷೆ ಹೆಪಟೈಟಿಸ್ ಬಿ ವೈರಸ್ಸಿನದು. ಎರಡೂ ವೈರಸ್ಸುಗಳಿರುವವರಲ್ಲಿ 'ಸಿ'ಯನ್ನು ಅಡಗಿಸಿದಾಗ 'ಬಿ'ಯು ಕೆರಳುವ ಅಪಾಯವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೬ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ರಕ್ತದ ಸಕ್ಕರೆ ಇವನ್ನೂ ಈಗಲೇ ನೋಡಿಡುತ್ತಾರೆ. ಮುಂದಿನ ಎಲ್ಲ ಹೋಲಿಕೆಗಳಿಗೂ ಈ ಮೊದಲ ಪಟ್ಟಿಯೇ ಆಧಾರ.

೫. ವೈರಸ್ಸಿನ ಪ್ರಮಾಣ ಮತ್ತು ಲಾಗ್ ಲೆಕ್ಕ

ಆರ್.ಎನ್.ಎ. ಪರೀಕ್ಷೆಯ ಅಂಕಿಯು ರೋಗಿಯನ್ನು ಗಾಬರಿಗೊಳಿಸುವಷ್ಟು ದೊಡ್ಡದು. ಒಂದು ಮಿಲಿಲೀಟರಿಗೆ ೨೪,೦೦,೦೦೦ ಅಂತರರಾಷ್ಟ್ರೀಯ ಮಾನಗಳೆಂಬ ವರದಿ ವಿರಳವೇನಲ್ಲ. ಚಿಕಿತ್ಸೆಯಿಲ್ಲದವರ ಶರೀರದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ವೈರಸ್ ಕಣಗಳು ಹುಟ್ಟುತ್ತವೆಂದೂ, ರಕ್ತದಲ್ಲಿರುವ ಕಣಗಳಲ್ಲಿ ಅರ್ಧದಷ್ಟು ಮೂರು ಗಂಟೆಗಳಲ್ಲಿ ನಾಶವಾಗುತ್ತವೆಂದೂ ೧೯೯೮ರಲ್ಲಿ ನ್ಯೂಮನ್, ಪೆರೆಲ್ಸನ್ ಮೊದಲಾದವರು ಗಣಿತದಿಂದ ತೋರಿಸಿದರು. ಹುಟ್ಟು ನಿಂತೊಡನೆ ಪ್ರಮಾಣವು ಕಡಿದಾಗಿ ಇಳಿಯುವುದು ಈ ಕಾರಣದಿಂದಲೇ.

ಇಷ್ಟು ದೊಡ್ಡ ಅಂಕಿಗಳನ್ನು ಹತ್ತರ ಘಾತಗಳಲ್ಲಿ ಹೇಳುವುದು ರೂಢಿ. ಅದಕ್ಕೆ ಲಾಗ್ ಎಂದು ಹೆಸರು. ೨೪,೦೦,೦೦೦ಕ್ಕೆ ಲಾಗ್ ೬.೩೮, ಎರಡು ವಾರಗಳ ಬಳಿಕ ಅದು ೨೪೦ಕ್ಕೆ ಇಳಿದಿದ್ದರೆ ಲಾಗ್ ೨.೩೮. ನಾಲ್ಕು ಲಾಗ್ ಇಳಿಕೆಯೆಂದರೆ ಹತ್ತುಸಾವಿರದಲ್ಲೊಂದು ಪಾಲು ಉಳಿಯಿತೆಂದರ್ಥ. ಆದರೆ ೨೪ ಲಕ್ಷವಿದ್ದುದು ೧೨ ಲಕ್ಷವಾಯಿತೆಂದರೆ ಲಾಗ್ ೬.೩೮ರಿಂದ ೬.೦೮ಕ್ಕೆ ಇಳಿದಂತಾಯಿತಷ್ಟೆ. ಅರ್ಧ ಲಾಗಿಗಿಂತ ಕಡಮೆಯ ವ್ಯತ್ಯಾಸವು ಪರೀಕ್ಷೆಯ ಸಹಜ ಏರಿಳಿತದೊಳಗೆ ಸೇರಿದ್ದು. ಅದಕ್ಕೆ ಅರ್ಥ ಕಲ್ಪಿಸಬಾರದು.

ಪ್ರಮಾಣ ಹೆಚ್ಚಿದ್ದರೆ ಯಕೃತ್ತು ಹೆಚ್ಚು ಕೆಟ್ಟಿದೆಯೆಂಬ ನಂಬಿಕೆಯೂ ತಪ್ಪು. ಕೋಟಿ ವೈರಸ್ಸಿರುವವನ ಯಕೃತ್ತು ಮೃದುವಾಗಿಯೇ ಇರಬಹುದು, ಕೆಲವೇ ಸಾವಿರವಿರುವವನದು ಸಿರೋಸಿಸ್ ಮುಟ್ಟಿರಬಹುದು. ಎರಡನೆಯ ಪ್ರಶ್ನೆಯ ಉತ್ತರವನ್ನು ಮೂರನೆಯದಕ್ಕೆ ಹಚ್ಚಬಾರದೆಂದು ಮೇಲೆ ಹೇಳಿದುದಕ್ಕೆ ಇದೊಂದು ನಿದರ್ಶನ.

ವರದಿಯ ಮಾತುಗಳಲ್ಲಿಯೂ ಸೂಕ್ಷ್ಮವಿದೆ. 'ಕಂಡುಬಂದಿಲ್ಲ' ಎಂಬುದು ಒಂದು. 'ಕಂಡುಬಂದಿದೆ, ಆದರೆ ಅಳೆಯಬಹುದಾದ ಮಿತಿಗಿಂತ ಕಡಮೆ' ಎಂಬುದು ಇನ್ನೊಂದು. ಎರಡನೆಯದನ್ನು ಮೊದಲನೆಯದೆಂದು ಓದಬಾರದು. ಹಿಂದೆ ಈ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯಗಳೇ ಬೇಕಿದ್ದವು. ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆ ರೂಪಿಸಿ ಗೋವೆಯ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರದಲ್ಲಿ ಇದು ಈಗ ಚಿಕ್ಕ ಊರಿನ ಆಸ್ಪತ್ರೆಯಲ್ಲಿಯೂ ಸಾಧ್ಯವಾಗಿದೆ.

೬. ಹನ್ನೆರಡು ವಾರಗಳ ನಡುವೆ

೨೦೧೩ಕ್ಕೆ ಮುಂಚೆ ಚಿಕಿತ್ಸೆಯೆಂದರೆ ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ರೈಬಾವಿರಿನ್. ಆರು ತಿಂಗಳಿಂದ ಒಂದು ವರ್ಷದವರೆಗೆ ನಡೆಯುತ್ತಿದ್ದ ಆ ಚಿಕಿತ್ಸೆಯಲ್ಲಿ ರಕ್ತಕಣಗಳು ಕುಸಿಯುತ್ತಿದ್ದವು, ಥೈರಾಯ್ಡ್ ಕೆಡುತ್ತಿತ್ತು, ಮನಸ್ಸು ಕುಗ್ಗುತ್ತಿತ್ತು. ನಾಲ್ಕನೆಯ, ಹನ್ನೆರಡನೆಯ ವಾರದ ವೈರಸ್ ಪ್ರಮಾಣವನ್ನು ನೋಡಿಯೇ ಮುಂದುವರಿಸುವ ಅಥವಾ ನಿಲ್ಲಿಸುವ ತೀರ್ಮಾನವಾಗುತ್ತಿತ್ತು. ವಾರವಾರವೂ ಅಂಕಿಗಳನ್ನು ಕಾಯುವ ಅಭ್ಯಾಸ ಆ ಕಾಲದ್ದು.

೨೦೧೩ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಗುಳಿಗೆಗೆ ಅನುಮತಿ ದೊರೆಯಿತು. ಅಲ್ಲಿ ಒಂದು ಗುಳಿಗೆಗೆ ಸಾವಿರ ಡಾಲರು, ಹನ್ನೆರಡು ವಾರಗಳಿಗೆ ೮೪,೦೦೦ ಡಾಲರು. ೨೦೧೪ರ ಸೆಪ್ಟೆಂಬರಿನಲ್ಲಿ ಅದರ ಒಡೆತನವಿದ್ದ ಗಿಲಿಯಡ್ ಸಂಸ್ಥೆಯು ಏಳು ಭಾರತೀಯ ಸಂಸ್ಥೆಗಳಿಗೆ ತಯಾರಿಕೆಯ ಪರವಾನಗಿಯನ್ನು ಕೊಟ್ಟಿತು; ಆ ಏಳರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ಬೆಲೆಯು ಕುಸಿದು, ೨೦೧೮ರ ಜುಲೈ ೨೮ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಔಷಧಿಗಳೆರಡನ್ನೂ ಉಚಿತವಾಗಿ ಕೊಡುವುದು ಸಾಧ್ಯವಾಯಿತು. ಈ ಕಾರ್ಯಕ್ರಮದ ಕ್ರಮದಂತೆ ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್ ಮತ್ತು ಡಕ್ಲಾಟಾಸ್ವಿರ್, ಇದ್ದೂ ಯಕೃತ್ತು ಕೆಲಸ ನಡೆಸುತ್ತಿರುವವರಿಗೆ ಸೊಫೊಸ್ಬುವಿರ್ ಮತ್ತು ವೆಲ್ಪಟಾಸ್ವಿರ್, ಎರಡೂ ಹನ್ನೆರಡು ವಾರ. ಯಕೃತ್ತು ಸೋತವರಿಗೆ ರೈಬಾವಿರಿನ್ನನ್ನೂ ಸೇರಿಸುತ್ತಾರೆ, ಅದು ಒಗ್ಗದಿದ್ದರೆ ಅವಧಿಯನ್ನು ಇಪ್ಪತ್ತನಾಲ್ಕು ವಾರಗಳಿಗೆ ಹೆಚ್ಚಿಸುತ್ತಾರೆ.

ಈ ಹೊಸ ಔಷಧಿಗಳ ಕಾಲದಲ್ಲಿ ನಡುವೆ ವೈರಸ್ ಪ್ರಮಾಣವನ್ನು ಮತ್ತೆ ಮತ್ತೆ ಅಳೆಯುವ ಆವಶ್ಯಕತೆಯಿಲ್ಲ. ಅಳೆದರೂ ಚಿಕಿತ್ಸೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಕೊನೆಯ ದಿನ ಅಲ್ಪಪ್ರಮಾಣದ ವೈರಸ್ ಕಂಡವರಲ್ಲಿಯೂ ಹಲವರು ಆಮೇಲೆ ಗುಣವಾದುದುಂಟು. ಏನೂ ಕಾಣದವರಲ್ಲಿ ಕೆಲವರಿಗೆ ಮರುಕಳಿಸಿದುದೂ ಉಂಟು. ಖಾಸಗಿ ಪ್ರಯೋಗಾಲಯಕ್ಕೆ ತಿಂಗಳ ಸಂಬಳದ ಪಾಲನ್ನು ತೆತ್ತು ಮಧ್ಯದ ಅಂಕಿಗಳನ್ನು ಕೊಳ್ಳುವುದಕ್ಕಿಂತ ಆ ಹಣವನ್ನು ಕೊನೆಯ ಪರೀಕ್ಷೆಯ ಪ್ರಯಾಣಕ್ಕೆ ಉಳಿಸಿಡುವುದು ಲೇಸು.

ನಡುವೆ ನೋಡತಕ್ಕವು ಬೇರೆ. ರೈಬಾವಿರಿನ್ ತೆಗೆದುಕೊಳ್ಳುವವರಲ್ಲಿ ಹಿಮೋಗ್ಲೋಬಿನ್ ಇಳಿಯುವುದರಿಂದ ಅದನ್ನು ತಪ್ಪದೆ ಪರೀಕ್ಷಿಸಬೇಕು. ಸಿರೋಸಿಸ್ ಇರುವವರಲ್ಲಿ ಬಿಲಿರುಬಿನ್, ಆಲ್ಬುಮಿನ್, ಹೆಪ್ಪುಗಟ್ಟುವ ಕಾಲ ಇವುಗಳ ಮೇಲೆ ಕಣ್ಣಿಡಬೇಕು. ಸಕ್ಕರೆ ಕಾಯಿಲೆಗೆ ಔಷಧಿ ಸೇವಿಸುವವರಲ್ಲಿ ವೈರಸ್ಸು ಅಡಗಿದಂತೆ ಸಕ್ಕರೆಯು ತೀರ ಇಳಿದುಬಿಡಬಹುದು. ರಾತ್ರಿಪಾಳಿಯಲ್ಲಿ ಯಂತ್ರದ ಮುಂದೆ ನಿಲ್ಲುವವನಿಗೆ ಇದು ಸಣ್ಣ ವಿಷಯವಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಈ ಗುಳಿಗೆಗಳ ಬಲವನ್ನು ಕುಂದಿಸುತ್ತವೆ. ಹೃದಯಕ್ಕೆ ಕೊಡುವ ಅಮಿಯೊಡರೋನ್ ಜತೆಗೆ ಸೇರಿದರೆ ನಾಡಿಬಡಿತ ಅಪಾಯಕರವಾಗಿ ನಿಧಾನವಾಗಬಹುದು. ಆದುದರಿಂದ ಸೇವಿಸುತ್ತಿರುವ ಔಷಧಿಗಳನ್ನೆಲ್ಲ, ಅಂಗಡಿಯಿಂದ ತಾವಾಗಿ ಕೊಂಡ ಆಮ್ಲಪಿತ್ತದ ಮಾತ್ರೆಯನ್ನೂ ಬಿಡದೆ, ವೈದ್ಯರಿಗೆ ಹೇಳಬೇಕು. ಪಾಳಿ ಬದಲಾಗುವವರು ಪಾಳಿಗೆ ಹೊಂದಿಸದೆ ಗಡಿಯಾರಕ್ಕೆ ಹೊಂದಿಸಿ, ಮೂರೂ ಪಾಳಿಗೆ ಅನುಕೂಲವಾದ ಒಂದು ಗಂಟೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

೭. ತೀರ್ಪು ಕೊಡುವ ಪರೀಕ್ಷೆ

ಔಷಧಿ ಮುಗಿದು ಹನ್ನೆರಡು ವಾರಗಳಾದ ಮೇಲೆ ಆರ್.ಎನ್.ಎ. ಪರೀಕ್ಷೆಯಲ್ಲಿ ವೈರಸ್ಸು ಕಂಡುಬರದಿದ್ದರೆ ಅದನ್ನು ಗುಣವೆಂದು ಒಪ್ಪಲಾಗಿದೆ. ಹನ್ನೆರಡೇ ಏಕೆ? ಮರುಕಳಿಸುವುದಾದರೆ ಅದು ಬಹುತೇಕ ಈ ಅವಧಿಯೊಳಗೇ ಕಾಣಿಸಿಕೊಳ್ಳುತ್ತದೆ. ಹಿಂದೆ ಇಪ್ಪತ್ತನಾಲ್ಕು ವಾರ ಕಾಯುತ್ತಿದ್ದರು. ಹನ್ನೆರಡನೆಯ ವಾರದ ಉತ್ತರವೂ ಇಪ್ಪತ್ತನಾಲ್ಕನೆಯ ವಾರದ ಉತ್ತರವೂ ಹೆಚ್ಚುಕಡಮೆ ಒಂದೇ ಎಂದು ಗೊತ್ತಾದ ಮೇಲೆ ಅವಧಿ ಕಡಮೆಯಾಯಿತು.

ಈ ಪರೀಕ್ಷೆ ತಪ್ಪಿಹೋಗುವುದು ಅಸಾಮಾನ್ಯವಲ್ಲವೆಂಬುದಕ್ಕೆ ಪಂಜಾಬಿನ ಅನುಭವವೇ ಸಾಕ್ಷಿ. ಅಲ್ಲಿ ೨೦೧೬ರಿಂದ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಉಚಿತ ಚಿಕಿತ್ಸೆ ನಡೆಯಿತು. ಕೊನೆಯ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗುಣಹೊಂದಿದ್ದರು. ಆದರೆ ಆ ಪರೀಕ್ಷೆಗೆ ಬಾರದೆಯೇ ಹೋದವರ ಸಂಖ್ಯೆ ಸಣ್ಣದಾಗಿರಲಿಲ್ಲ. ಮೈ ಹಗುರವಾಗಿದೆ, ಕಿಣ್ವಗಳು ಇಳಿದಿವೆ, ಗುಳಿಗೆ ಮುಗಿದಿದೆ. ಮತ್ತೇಕೆ ಆಸ್ಪತ್ರೆ ಎಂಬುದು ಮನುಷ್ಯಸ್ವಭಾವ.

ಶೇಂದ್ರಾದಂಥ ಕಡೆ ಇದಕ್ಕೆ ಪಂಚಾಂಗವೂ ಸೇರುತ್ತದೆ. ಜನವರಿ ೧ರಂದು ಮೊದಲ ಗುಳಿಗೆ ನುಂಗಿದವನಿಗೆ ಎಂಬತ್ತನಾಲ್ಕನೆಯ ಗುಳಿಗೆ ಮಾರ್ಚ್ ೨೫ಕ್ಕೆ ಮುಗಿಯುತ್ತದೆ. ಅಲ್ಲಿಂದ ಮತ್ತೆ ಎಂಬತ್ತನಾಲ್ಕು ದಿನ ಎಣಿಸಿದರೆ ಜೂನ್ ೧೭. ಅದು ಮೃಗಶಿರಾ ಮಳೆಯ ಕಾಲ. ಬೀದರ ಕಲಬುರ್ಗಿಗಳ ಕಡೆಯ ಒಕ್ಕಲುಮಗನು ಆ ಹೊತ್ತಿಗೆ ಕೂರಿಗೆಯ ಹಿಂದೆ ಇರುತ್ತಾನೆ, ಆಸ್ಪತ್ರೆಯ ಸಾಲಿನಲ್ಲಿ ಇರುವುದಿಲ್ಲ. ಇದಕ್ಕೆ ಪರಿಹಾರವಿದೆ. ಹನ್ನೆರಡು ವಾರವೆಂಬುದು ಕನಿಷ್ಠ ಅವಧಿ. ಬಿತ್ತನೆ ಮುಗಿಸಿ ಜುಲೈಯಲ್ಲಿ ಪರೀಕ್ಷಿಸಿಕೊಂಡರೂ ಉತ್ತರ ಕೆಡುವುದಿಲ್ಲ. ಹನ್ನೆರಡಕ್ಕೆ ಮುಂಚೆ, ಹೊರಡುವ ಅವಸರದಲ್ಲಿ ಮಾಡಿಸಿದ ಪರೀಕ್ಷೆಯ 'ಇಲ್ಲ' ಎಂಬ ಮಾತ್ರ ಪೂರ್ಣ ಭರವಸೆ ಕೊಡದು. ಕಾರ್ಯಕ್ರಮವು ರಾಷ್ಟ್ರೀಯವಾದುದರಿಂದ ತನ್ನ ಜಿಲ್ಲೆಯ ಚಿಕಿತ್ಸಾಕೇಂದ್ರದಲ್ಲಿಯೇ ಈ ಪರೀಕ್ಷೆಯನ್ನು ಕೇಳಬಹುದು. ಹಾಗೆ ಕೇಳಲು ಯಾವ ಔಷಧಿ, ಯಾವ ದಿನದಿಂದ ಯಾವ ದಿನದವರೆಗೆ ಎಂಬ ಕಾಗದ ಕೈಯಲ್ಲಿರಬೇಕು.

೮. ಗುಣವಾದ ಮೇಲೆ

ವೈರಸ್ಸು ಹೋದ ಬಳಿಕ ಉಳಿಯುವ ಮುಖ್ಯ ಪ್ರಶ್ನೆ ಮೂರನೆಯದು. ಇಲ್ಲಿ ಅಂಕಿಗಳು ಒಂದು ಬಗೆಯ ಮೋಸ ಮಾಡುತ್ತವೆ. ಮೇಲಿನ ಉದಾಹರಣೆಯ ಎರಡನೆಯ ರೋಗಿಯನ್ನೇ ನೋಡಿ: ಫಿಬ್-೪ ಸುಮಾರು ೪.೧ ಇತ್ತು. ಚಿಕಿತ್ಸೆಯ ನಾಲ್ಕನೆಯ ವಾರದಲ್ಲಿ ಎ.ಎಸ್.ಟಿ. ೩೧, ಎ.ಎಲ್.ಟಿ. ೩೬, ಪ್ಲೇಟ್‌ಲೆಟ್ ೯೨,೦೦೦ ಎಂದಿಟ್ಟುಕೊಂಡರೆ, ೪೨ ಗುಣಿಸು ೩೧ ಎಂದರೆ ೧,೩೦೨. ೩೬ರ ವರ್ಗಮೂಲ ೬, ಅದನ್ನು ೯೨ರಿಂದ ಗುಣಿಸಿದರೆ ೫೫೨. ಫಿಬ್-೪ ಈಗ ಸುಮಾರು ೨.೩೬. ಗಡಿಯ ಒಳಕ್ಕೆ ಬಂದಂತಾಯಿತು. ಆದರೆ ವರ್ಷಗಳಲ್ಲಿ ಗಟ್ಟಿಯಾದ ನಾರು ನಾಲ್ಕು ವಾರಗಳಲ್ಲಿ ಕರಗುವುದಿಲ್ಲ. ಕರಗಿದ್ದು ಉರಿಯೂತ, ಇಳಿದದ್ದು ಕಿಣ್ವ. ಸೂತ್ರದಲ್ಲಿ ಕಿಣ್ವವೂ ಸೇರಿರುವುದರಿಂದ ಮೊತ್ತ ಇಳಿಯಿತು. ಆದುದರಿಂದ ಸಿರೋಸಿಸ್ ಇದೆಯೋ ಇಲ್ಲವೋ ಎಂಬ ನಿರ್ಣಯಕ್ಕೆ ಚಿಕಿತ್ಸೆಗೆ ಮುಂಚಿನ ಅಂಕಿಯನ್ನೇ ನಂಬಬೇಕು. ಆಗ ಸಿರೋಸಿಸ್ ಇದ್ದವರು ವೈರಸ್ಸು ಹೋದ ಮೇಲೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ, ವೈದ್ಯರು ಹೇಳಿದರೆ ಎ.ಎಫ್.ಪಿ. ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಿರಬೇಕು. ಅರ್ಬುದದ ಭಯ ಅವರಲ್ಲಿ ಕಡಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಮತ್ತೊಂದು ಮಾತು. ಒಮ್ಮೆ ಗುಣವಾದವರಿಗೆ ಮತ್ತೆ ಸೋಂಕು ತಗಲಬಾರದೆಂಬ ನಿಯಮವಿಲ್ಲ;ಬಾಗಿಲಲ್ಲಿರುವ ಕಾವಲುಗಾರನು ಹೊಸ ಕಳ್ಳನನ್ನು ತಡೆಯಲಾರ. ಈ ರೋಗಕ್ಕೆ ಲಸಿಕೆಯೂ ಇನ್ನೂ ಇಲ್ಲ. ಅಂಥ ಶಂಕೆ ಬಂದರೆ ಕೇಳಬೇಕಾದುದು ಪ್ರತಿಕಾಯ ಪರೀಕ್ಷೆಯನ್ನಲ್ಲ, ಆರ್.ಎನ್.ಎ. ಪರೀಕ್ಷೆಯನ್ನು.

೯. ಪಟ್ಟಿಯನ್ನು ಇಡುವ ಕ್ರಮ

ಇಷ್ಟನ್ನೂ ಒಂದು ಹಾಳೆಯಲ್ಲಿ ಹಿಡಿದಿಡಬಹುದು. ಎಡಗಡೆಯಿಂದ ಮೊದಲು ದಿನಾಂಕ, ಅನಂತರ ಪ್ರಯೋಗಾಲಯದ ಹೆಸರು, ಎ.ಎಲ್.ಟಿ., ಎ.ಎಸ್.ಟಿ., ಅವುಗಳ ಮಿತಿ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್, ಬಿಲಿರುಬಿನ್, ಆಲ್ಬುಮಿನ್, ಕ್ರಿಯಾಟಿನಿನ್, ಆರ್.ಎನ್.ಎ. ಎಂದು ಅಂಕಣಗಳು. ಅಡ್ಡಸಾಲುಗಳು ಮೂರು ಸಾಕು: ಚಿಕಿತ್ಸೆಗೆ ಮುಂಚೆ, ನಡುವೆ, ಮುಗಿದು ಹನ್ನೆರಡು ವಾರಗಳ ಮೇಲೆ. ಹಾಳೆಯ ತಲೆಯಲ್ಲಿ ಔಷಧಿಯ ಹೆಸರು, ಆರಂಭದ ದಿನ, ಮುಗಿದ ದಿನ ಮತ್ತು ಕೊನೆಯ ಪರೀಕ್ಷೆಯ ದಿನವನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಮೂರನೆಯ ಸಾಲು ಖಾಲಿಯಾಗಿರುವಷ್ಟು ದಿನವೂ ಚಿಕಿತ್ಸೆ ಮುಗಿದಿಲ್ಲವೆಂದೇ ತಿಳಿಯತಕ್ಕದ್ದು.

ಈ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಡುವುದು ಹೊರನಾಡಿನ ಕನ್ನಡ ಸಂಘಗಳಿಗೆ ಅಸಾಧ್ಯವಾದ ಕೆಲಸವೇನಲ್ಲ. ಮರಾಠಿ ಹಿಂದಿಗಳಲ್ಲಿ ವ್ಯವಹರಿಸುತ್ತಿದ್ದರೂ ರೋಗದ ಮಾತು ಬಂದಾಗ ತಾಯ್ನುಡಿಯಲ್ಲಿಯೇ ಧೈರ್ಯಗೊಳ್ಳುವವರು ನಮ್ಮ ನಡುವೆ ಅನೇಕರಿದ್ದಾರೆ. ವೈದ್ಯವನ್ನು ಬಲ್ಲ ಸದಸ್ಯರು ಅಂಕಣಗಳನ್ನು ಸಿದ್ಧಪಡಿಸಬಹುದು. ಉಳಿದವರು ಬರೆಯಲಾರದವರ ವರದಿಗಳಿಂದ ಅಂಕಿಗಳನ್ನು ಎತ್ತಿ ತುಂಬಿಕೊಡಬಹುದು. ಊರಿಗೆ ಹೋದವನಿಗೆ ಜೂನ್ ಕೊನೆಯಲ್ಲೊಮ್ಮೆ ದೂರವಾಣಿ ಮಾಡಿ ಮೂರನೆಯ ಸಾಲನ್ನು ನೆನಪಿಸಬಹುದು. ರೋಗಿಯ ಹೆಸರು ಮಾತ್ರ ಸಂಘದ ಕಡತಕ್ಕೆ ಬರಬಾರದು. ಹಾಳೆ ಅವನದು, ಅವನ ಬಳಿಯೇ ಇರತಕ್ಕದ್ದು.